ಕೈಕಟ್ಟಿ ನಿಲ್ಲುವ ಪದವಿ

ಇವರಿಗೆ,
ಮಾನ್ಯ ನಿರ್ದೇಶಕರು,
ಆಕ್ಯುಪೇಷನಲ್ ಥೆರಪಿ ಪದವಿ ಹಾಗೂ ಅಪ್ರೆಂಟಿಸ್ ತರಬೇತಿ ವಿಭಾಗ,
ಸ್ಕಾರ್‌ಬೆಕ್, ಲ್ಯಾಂಕಾಷೈರ್.
(ನಮ್ಮೂರ ವಾರಪತ್ರಿಕೆಯ ಸಂಪಾದಕರ ಔದಾರ್ಯದಿಂದ, ಸಮಸ್ತ ಓದುಗರ ಸಮಕ್ಷಮ)

ಮಾನ್ಯರೇ,

ಎತ್ತರಿಸಿದ ಕಮೋಡು ಪೀಠಗಳಿಗೂ, ಬಚ್ಚಲುಮನೆಯ ಗೋಡೆಯ ಹಿಡಿಕೆಗಳಿಗೂ, ಎತ್ತದೆಯೇ ಬಗ್ಗಿಸಲು ಬರುವಂತೆ ಕೆಟಲನ್ನು ಕೂರಿಸುವ ತಂತಿಯ ತೊಟ್ಟಿಲುಗಳಿಗೂ ಅಧಿಪತಿಗಳಾದ ತಮ್ಮ ಸನ್ನಿಧಾನಕ್ಕೆ, ವೀವರ್ಸ್ ಬೀದಿಯ ನಿವಾಸಿ ವಿಲ್ಫ್ರೆಡ್ ಆಂಟ್ರೋಬಸ್ ಎಂಬ ನಾನು, ಎಡಗೈ ಸ್ವಾಧೀನದಲ್ಲಿಲ್ಲದ ಕಾರಣ ಬಲಗೈಯೊಂದರಿಂದಲೇ ಟೋಪಿ ತೆಗೆದು, ಆ ಕೈ ಈಗ ಲೇಖನಿಗೆ ಬೇಕಾದ್ದರಿಂದ ಟೋಪಿಯನ್ನು ಮತ್ತೆ ತಲೆಗೇ ಹಾಕಿಕೊಂಡು, ಸವಿನಯವಾಗಿ ವಂದಿಸುತ್ತೇನೆ.

ನನ್ನ ದೂರು ತಮ್ಮ ವಿದ್ಯಾರ್ಥಿನಿ ಶ್ರೀಮತಿ ಜನಿಸ್ ಕ್ಲೆಗ್ ಅವರನ್ನು ಕುರಿತದ್ದು. ವಾರದ ನಾಲ್ಕು ದಿನ ಆಸ್ಪತ್ರೆಯ ಪರವಾಗಿ ನಮ್ಮಂಥವರ ಮನೆಗಳಿಗೆ ಬಂದು ದುಡಿಯುತ್ತ, ಉಳಿದೊಂದು ದಿನ ತಮ್ಮಲ್ಲಿಗೆ ಬಂದು ಪದವಿಗೆ ಓದುತ್ತಿರುವ ಈ ಮಹಿಳೆ, ಮೊದಲ ಬಾರಿ ನನ್ನ ಮನೆಯಲ್ಲಿ ನಡೆದ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಬರುವ ಮಂಗಳವಾರ ಅದೇ ಮನೆಯಲ್ಲಿ, ಅದೇ ರೋಗಿಯ ಮುಂದೆ, ಮರುಪರೀಕ್ಷೆ. ಈ ಬಾರಿಯೂ ತಪ್ಪಿದರೆ ತರಬೇತಿಯಿಂದಲೇ ಹೊರಗೆ ಎಂದು ಕೇಳಿದ್ದೇನೆ. ಆ ರೋಗಿ ನಾನೇ ಆದುದರಿಂದ, ತೀರ್ಪಿಗೆ ಮುಂಚೆ ನನ್ನ ಹೇಳಿಕೆ ಅಚ್ಚಿನಲ್ಲಿರುವುದು ಎಲ್ಲರಿಗೂ ಕ್ಷೇಮವೆಂದು ಭಾವಿಸಿದ್ದೇನೆ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಕೂಟದ ನಾಯಕನಾಗಿದ್ದೆ. ಪ್ರತಿಪಕ್ಷದ ಮಾತು ಮುಗಿಯುವವರೆಗೆ ಕಾಯುವ ಸೌಜನ್ಯ ನನಗೆ ಆಗಲೂ ಇರಲಿಲ್ಲ.

ಮೊದಲನೆಯದಾಗಿ, ಕೈಕಾಲು ಸೋತವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವ ತಮ್ಮ ಶಾಸ್ತ್ರದ ಮಹಿಮೆಯನ್ನು ಕೊಂಡಾಡಲೇಬೇಕು. ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ನನ್ನನ್ನು, ಒಂದು ಕಪ್ ಚಹಾ ಮಾಡಿ ತೋರಿಸುವವರೆಗೆ ಮನೆಗೆ ಕಳಿಸುವುದಿಲ್ಲವೆಂದು ಅಲ್ಲಿಯ ಅಡುಗೆಮನೆಯಲ್ಲಿ ನಿಲ್ಲಿಸಿದರು. ನಾನು ಚಹಾ ಕುಡಿಯುವವನಲ್ಲ, ಕಾಫಿಯವನು ಎಂದು ನಿವೇದಿಸಿದೆ. ಪರೀಕ್ಷೆ ಇರುವುದು ಚಹಾದ್ದೇ ಎಂದರು. ಹೀಗೆ ಜೀವಮಾನದ ಮೊದಲ ಚಹಾವನ್ನು ಒಂಟಿಕೈಯಲ್ಲಿ, ನಿರ್ದೋಷವಾಗಿ ತಯಾರಿಸಿ, ಎಲ್ಲರ ಮೆಚ್ಚುಗೆ ಪಡೆದು, ಅದನ್ನು ತೊಟ್ಟಿಗೆ ಸುರಿದು, ಮನೆಗೆ ಬಂದೆ. ಬ್ರಿಟಿಷ್ ಪ್ರಜೆಯ ಆರೋಗ್ಯವನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಉಪಕರಣ ಇನ್ನೂ ಹುಟ್ಟಬೇಕಾಗಿದೆ.

ಎರಡನೆಯದಾಗಿ ಹೇಳಬೇಕಾದ್ದು ಟೈ ವಿಚಾರ. ಅದು ಬಂದ ಮೇಲೆ ಮೂರನೆಯದಕ್ಕೆ ಹೋಗುವ ಭರವಸೆಯನ್ನು ನಾನು ಕೊಡಲಾರೆ.

ಶ್ರೀಮತಿ ಕ್ಲೆಗ್ ಮೊದಲ ಭೇಟಿಯಲ್ಲೇ, “ನಿಮ್ಗೆ ಮತ್ತೆ ಮಾಡೋಕಾಗ್ಬೇಕು ಅಂತ ಅನ್ನಿಸೋದು ಏನು, ಸಾಹೇಬ್ರೇ? ನಮ್ಗೆ ಬೇಕಾದ್ದಲ್ಲ, ನಿಮ್ಗೆ ಬೇಕಾದ್ದು,” ಎಂದು ಕೇಳಿದರು. ಟೈ ಕಟ್ಟಿಕೊಳ್ಳುವುದು ಎಂದೆ. ನನ್ನ ಮಗ ಐವರ್ ಈ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದು, ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುತ್ತಿದ್ದ. ಎರಡು ವರ್ಷದ ಹಿಂದೆ, ನಲವತ್ತೊಂದನೆಯ ವಯಸ್ಸಿನಲ್ಲಿ, ಅವನ ಹೃದಯ ಯಾವ ಪೂರ್ವಸೂಚನೆಯನ್ನೂ ಕೊಡದೆ ನಿಂತಿತು. ಈ ಜೂನ್‌ನಿಂದ ಅವನ ಹೆಸರಿನಲ್ಲೊಂದು ಬಹುಮಾನದ ಬಟ್ಟಲು. ಅದನ್ನು ಕೊಡಬೇಕಾದವನು ನಾನು. ಟೈ ಇಲ್ಲದೆ ನಾನು ವೇದಿಕೆ ಹತ್ತಿದವನಲ್ಲ. ಆಸ್ಪತ್ರೆಯ ಸಾಮಾನು ವಿಭಾಗದವರು ಕೂಡಲೇ ಕರುಣೆಯಿಂದ, ಮೊದಲೇ ಗಂಟು ಹೊಲಿದು ಹಿಂದೆ ರಬ್ಬರಿನ ಪಟ್ಟಿ ಜೋಡಿಸಿದ ಟೈ ಒಂದನ್ನು ಕಳಿಸಿಕೊಟ್ಟರು. ನರ್ಸರಿ ಶಾಲೆಯ ನಾಟಕದಲ್ಲಿ ಬ್ಯಾಂಕ್ ಮ್ಯಾನೇಜರನ ಪಾತ್ರ ನನಗೆ ದೊರೆತ ದಿನ ಅದನ್ನು ಖಂಡಿತ ಧರಿಸುತ್ತೇನೆ.

ಇನ್ನು ಮೊದಲ ಪರೀಕ್ಷೆಯ ದಿನ. ತಮ್ಮ ಪರೀಕ್ಷಕಿ ಡಾ. ಹೆನ್ಷಾ ಸೋಫಾದ ತುದಿಯಲ್ಲಿ ಕುಳಿತರು. ನಾನು ಹಜಾರದ ಕನ್ನಡಿಯ ಮುಂದೆ ನಿಂತು, ಶ್ರೀಮತಿ ಕ್ಲೆಗ್ ಕಲಿಸಿದಂತೆ ಟೈನ ಸಣ್ಣ ತುದಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅಂಗಿಗೆ ಸಿಕ್ಕಿಸಿ, ದೊಡ್ಡ ತುದಿಯನ್ನು ಸುತ್ತತೊಡಗಿದೆ. ಕ್ಲಿಪ್ ಹಾರಿತು. ಮತ್ತೆ ಸಿಕ್ಕಿಸಿದೆ, ಟೈ ಜಾರಿತು. ಮೂರನೆಯ ಸಲ ಅದು ನೆಲಕ್ಕೇ ಬಿತ್ತು. ತರಬೇತಿಗೆ ಸೇರುವ ಮುನ್ನ ವೃದ್ಧಾಶ್ರಮದಲ್ಲಿ ಇಪ್ಪತ್ತು ವರ್ಷ ಆಯಾ ಕೆಲಸ ಮಾಡಿ, ಭಾನುವಾರದ ಪ್ರಾರ್ಥನೆಗೆ ಹೊರಟ ಅದೆಷ್ಟೋ ಮುದುಕರ ಕೊರಳಿಗೆ ಟೈ ಬಿಗಿದ ಶ್ರೀಮತಿ ಕ್ಲೆಗ್ ಅವರ ಕೈಗಳು, ಯಜಮಾನಿಯ ಅಪ್ಪಣೆ ಕೇಳದೆ ಮುಂದೆ ಬಂದವು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕೊರಳಲ್ಲಿ ಗಂಟು: ನಟ್ಟನಡುವೆ, ಅಳೆದಿಟ್ಟಂತೆ, ಒಂದು ಸುಕ್ಕಿಲ್ಲದೆ. ಕನ್ನಡಿಯಿಂದ ನಾನು ಮುಖ ತಿರುಗಿಸಿದೆ. ಕನ್ನಡಿಗೆ ಬೆನ್ನು ತೋರಿಸುವುದು ನನ್ನ ಅಭ್ಯಾಸವಲ್ಲ.

ಸೋಫಾದಿಂದ ಡಾ. ಹೆನ್ಷಾ, “ಜನಿಸ್, ಈಗ ನೀವು ಮಾಡಿದ್ದೇನು?” ಎಂದರು.

“ಟೈ ಕಟ್ಟಿದೆ, ಡಾಕ್ಟ್ರೇ.”

“ಯಾರ ಟೈ?”

“ಅವ್ರದ್ದು.”

“ಅವ್ರದ್ದಾದ್ರೆ ಅವ್ರೇ ಕಟ್ಕೋಬೇಕಿತ್ತಲ್ವಾ?”

ಚರ್ಚೆಯ ನಿಯಮದಂತೆ ಅಂಕ ಡಾ. ಹೆನ್ಷಾ ಅವರಿಗೆ ಸಲ್ಲಬೇಕು, ಸಂಕಟದಿಂದಲೇ ಸಲ್ಲಿಸಿದ್ದೇನೆ. ಬೇರೆ ಕಡೆ ಸಹಾಯ ಮಾಡುವುದನ್ನು ಕಲಿಸುತ್ತಾರೆ. ಸಹಾಯ ಮಾಡದೆ, ಕೈಕಟ್ಟಿ, ಎದುರಿನವನು ಬೆವರುವುದನ್ನು ಪ್ರೀತಿಯಿಂದ ನೋಡುತ್ತ ನಿಲ್ಲುವುದನ್ನು ಕಲಿಸಿ, ಅದಕ್ಕೆ ಘಟಿಕೋತ್ಸವ ನಡೆಸಿ ಗೌನು ಹೊದಿಸುವ ಧೈರ್ಯ ತಮ್ಮ ವಿಭಾಗದ್ದು ಮಾತ್ರ.

ಆದರೆ ಮಾನ್ಯರೇ, ಈ ವಿದ್ಯೆ ತಮ್ಮ ಸ್ವಂತದ್ದಲ್ಲ. ಅದು ಆವಿಷ್ಕಾರಗೊಂಡದ್ದು ನನ್ನ ಹಜಾರದಲ್ಲಿ. ಹನ್ನೊಂದು ವರ್ಷದ ಐವರ್ ಹೊಸ ಶಾಲೆಗೆ ಹೊರಟ ಬೆಳಗ್ಗೆ ಟೈ ಹಿಡಿದು ಬಂದು, “ಅಪ್ಪಾ, ಕಟ್ಟಿ ಕೊಡಪ್ಪ,” ಎಂದಾಗ, ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಕೊರಳು ಯಾರದೋ ಗಂಟೂ ಅವರದೇ,” ಎಂದು ವಿಧಿಸಿದೆ. ಅವನಮ್ಮ ಅಡುಗೆಮನೆಯಿಂದ, “ನಿಮ್ಮ ಭಾಷಣ ಮುಗಿಯೋದ್ರೊಳಗೆ ಬಸ್ ಹೋಗುತ್ತೆ,” ಎಂದು ಕೂಗಿದಳು. ಬಸ್ಸು ಹೋಗಿಯೇಬಿಟ್ಟಿತು. ಅವನು ಕಟ್ಟಿದ. ಗಂಟು ಎಡಕ್ಕೆ ವಾಲಿತು, ಅರ್ಧ ಕಾಲರಿನ ಕೆಳಗೆ ಅಡಗಿತು. ನಾನು ಮುಟ್ಟಲಿಲ್ಲ. ಅಂದಿನಿಂದ ಶಾಲೆಗೂ, ಕೆಲಸದ ಸಂದರ್ಶನಕ್ಕೂ, ಅಮ್ಮನ ಅಂತ್ಯಸಂಸ್ಕಾರಕ್ಕೂ ಅವನು ಅದೇ ಎಡವಾಲು ಗಂಟಿನಲ್ಲೇ ಹೋದ. ತಿದ್ದಿಕೊಳ್ಳಲು ಅವನಿಗೆ ಬರುತ್ತಿತ್ತು. ನನ್ನನ್ನು ನೋಡಿ ನಗುತ್ತ, ತಿದ್ದಿಕೊಳ್ಳುತ್ತಿರಲಿಲ್ಲ. ಈ ಆವಿಷ್ಕಾರಕ್ಕಾಗಿ ನನಗೊಂದು ಗೌರವ ಪದವಿ ಸಲ್ಲಬೇಕೆಂದು ಇಲ್ಲಿಯೇ ಹಕ್ಕು ಮಂಡಿಸುತ್ತೇನೆ. ಗೌನಿನ ಎಡತೋಳನ್ನು ಸ್ವಲ್ಪ ಅಗಲವಾಗಿ ಹೊಲಿಸುವುದು.

ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದವರು, ತಮ್ಮ ಕಸುಬಿಗೆ ತಕ್ಕ ಶ್ರದ್ಧೆಯಿಂದ, ಆ ಗಂಟನ್ನು ನಟ್ಟನಡುವೆ ತಂದು ನೇರ ಮಾಡಿದ್ದರು. ಮಿಕ್ಕಂತೆ ಮಲಗಿದ್ದವನು ನನ್ನ ಮಗನೇ. ಟೈ ಮಾತ್ರ ಬೇರೆ ಯಾರದೋ.

ಶ್ರೀಮತಿ ಕ್ಲೆಗ್ ಕಟ್ಟಿದ ಗಂಟು ಅಷ್ಟೇ ನೇರವಾಗಿತ್ತು. ಆದ್ದರಿಂದ ಅವರು ಅನುತ್ತೀರ್ಣರಾದದ್ದು ನ್ಯಾಯವೇ ಎಂದು, ಅವರ ಪರವಾಗಿ ಎದ್ದುನಿಂತ ನಾನೇ ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ದೂರು ಏನಿದ್ದರೂ ಅದರ ನಂತರದ್ದು. ಈ ಕಥೆಯನ್ನು ಅವರಿಗೆ ಹೇಳಿದಾಗಿನಿಂದ ಈ ಹೆಂಗಸು ಸಹಿಸಲಸಾಧ್ಯವಾಗುವಷ್ಟು ಸುಧಾರಿಸಿದ್ದಾರೆ. ಮನೆಗೆ ಬಂದೊಡನೆ ನನ್ನ ಕಾಫಿ ಬಟ್ಟಲನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು ನಿಲ್ಲುತ್ತಾರೆ, ಕೈಗಳು ಮತ್ತೆ ಹೇಳದೆ ಕೇಳದೆ ಹೊರಟಾವೆಂದು. ನನ್ನ ಕಾಫಿ ಅವರ ಕೈಯಲ್ಲೇ ತಣಿಯುತ್ತದೆ. ಕ್ಲಿಪ್ ಜಾರಿ ನಾನು ಗೊಣಗಿದರೆ, “ಹಲ್ಲಿದೆಯಲ್ಲಾ, ಕಚ್ಚಿ ಹಿಡ್ಕೊಳ್ಳಿ,” ಎನ್ನುತ್ತಾರೆ. ಹಲ್ಲು ನನ್ನದಲ್ಲ, ದಂತವೈದ್ಯರದ್ದು ಎಂದು ನಾನು ತಾಂತ್ರಿಕ ಆಕ್ಷೇಪ ಎತ್ತಿದರೆ, “ಸುಮ್ನೆ ಕೂತಿರೋದ್ರ ಬದ್ಲು ಅವೂ ಸ್ವಲ್ಪ ದುಡೀಲಿ ಬಿಡಿ, ಸಾಹೇಬ್ರೇ!” ವಾದದಲ್ಲಿ ನನಗೆ ಇಂಥ ಸೋಲು ಕಾಲೇಜು ಬಿಟ್ಟ ಮೇಲೆ ಆಗಿರಲಿಲ್ಲ.

ಕಳೆದ ಗುರುವಾರ ಗಂಟು ನಿಂತಿತು. ಒಂದೇ ಕೈ ಎಳೆದದ್ದರಿಂದ ಅದು ಎಡಕ್ಕೆ ವಾಲಿತು, ಅರ್ಧ ಕಾಲರಿನ ಕೆಳಗೆ ಅಡಗಿತು. ಶ್ರೀಮತಿ ಕ್ಲೆಗ್ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ವಾಲಿದೆ,” ಎಂದರು.

“ಗೊತ್ತು.”

“ಇರ್ಲಾ?”

“ಇರಲಿ,” ಎಂದೆ. ಅವರು ಬಟ್ಟಲನ್ನು ಎದೆಗವಚಿಕೊಂಡು ಕಿಟಕಿಯ ಕಡೆ ತಿರುಗಿ, ಹೊರಗೆ ಏನೂ ಇಲ್ಲದ ಬೀದಿಯನ್ನು ಪರಿಶೀಲಿಸತೊಡಗಿದರು. ಇದನ್ನು ತಾವು ಯಾವ ತರಗತಿಯಲ್ಲಿ ಕಲಿಸುತ್ತೀರೋ ನಾನರಿಯೆ. ಇದಕ್ಕೂ ಅಂಕ ಇಲ್ಲವಾದರೆ ತಮ್ಮ ಅಂಕಪಟ್ಟಿಯನ್ನು ಆ ರಬ್ಬರ್ ಟೈ ಜೊತೆಗೇ ಇಡಬಹುದು.

ಆದ್ದರಿಂದ ನನ್ನ ಪ್ರಾರ್ಥನೆಗಳು ಹೀಗಿವೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕಾಫಿಗೂ ಪ್ರಜೆಯ ಸ್ಥಾನಮಾನ ದೊರಕಿಸಿಕೊಡುವುದು. ಮಂಗಳವಾರದ ಪರೀಕ್ಷೆಯ ಕಾಲಕ್ಕೆ ವಿಶ್ವವಿದ್ಯಾಲಯದ ವತಿಯಿಂದಲೇ ಬೇರೊಂದು ಬಟ್ಟಲು ಕಳಿಸಿ ನನ್ನ ಕಾಫಿಯನ್ನು ನನಗೆ ಬಿಡುಗಡೆ ಮಾಡಿಸುವುದು. ಶ್ರೀಮತಿ ಕ್ಲೆಗ್ ಅವರನ್ನು, ನನ್ನ ಟೈ ಎಷ್ಟೇ ವಾಲಿದರೂ ಅವರ ಕೈ ಬಟ್ಟಲನ್ನು ಬಿಡದಿದ್ದರೆ, ಉತ್ತೀರ್ಣರೆಂದು ಸಾರುವುದು. ಇನ್ನು ಪ್ರಾರ್ಥನೆಯಲ್ಲದ್ದು ಒಂದಿದೆ, ಅದನ್ನು ಆಜ್ಞೆಯೆಂದೇ ತಿಳಿಯತಕ್ಕದ್ದು: ಮಂಗಳವಾರವಾಗಲಿ, ಜೂನ್‌ನಲ್ಲಿ ವೇದಿಕೆಯ ಮೇಲಾಗಲಿ, ಆ ಮುಂದೆ ನಾನು ಮಲಗುವ ಪೆಟ್ಟಿಗೆಯಲ್ಲಾಗಲಿ, ನನ್ನ ಗಂಟನ್ನು ಯಾರೂ ನೇರ ಮಾಡಕೂಡದು.

ಒಂದೇ ಕೈಯಿಂದಾದರೂ ಸಂಪೂರ್ಣವಾಗಿ,
ತಮ್ಮ ವಿಶ್ವಾಸಿ,
ವಿಲ್ಫ್ರೆಡ್ ಆಂಟ್ರೋಬಸ್

ವಿ.ಸೂ.: ಮೊದಲ ಪರೀಕ್ಷೆ ಮುಗಿಸಿ ಡಾ. ಹೆನ್ಷಾ ಹೊರಡುವಾಗ, ಬೀಳ್ಕೊಡಲು ಬಂದ ನನ್ನ ಊರುಗೋಲು ಹೊಸ್ತಿಲಲ್ಲಿ ಕೆಳಗೆ ಬಿತ್ತು. ಬಿದ್ದ ಕೋಲನ್ನು ಪಾದದಿಂದಲೇ ಎಬ್ಬಿಸಿ ಹಿಡಿಯುವುದನ್ನು ಶ್ರೀಮತಿ ಕ್ಲೆಗ್ ನನಗೆ ಆಗಲೇ ಕಲಿಸಿದ್ದರು. ಆದರೆ ಡಾ. ಹೆನ್ಷಾ ಥಟ್ಟನೆ ಬಗ್ಗಿ, “ಅಯ್ಯೋ, ತಗೊಳ್ಳಿ ಅಜ್ಜಾ,” ಎಂದು ಎತ್ತಿ ಕೈಗಿತ್ತರು. ಕೋಲು ಜಾರಿ ಬಿದ್ದದ್ದಲ್ಲ, ಮಾನ್ಯರೇ, ನಾನು ಬೀಳಿಸಿದ್ದು. ಡಾ. ಹೆನ್ಷಾ ಅವರ ಮರುಪರೀಕ್ಷೆಗೆ ಯಾವ ದಿನ ಅನುಕೂಲವೆಂದು ದಯಮಾಡಿ ತಿಳಿಸುವುದು. ಕೋಲು ಸಿದ್ಧವಾಗಿದೆ.