ಸಲಹೆಗಾರರ ಕೈಚೀಲ

ನಿವೃತ್ತಿಯಾದ ಮೇಲೆ ಇಂಜಿನಿಯರ್ ಸಾಹೇಬರಿಗಿದ್ದ ಕೊರಗು ಒಂದೇ. ಅವರ ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ. ದೊಡ್ಡ ದೊಡ್ಡ ನದಿಗಳಿಗೆ ಸೇತುವೆ ಕಟ್ಟಿಸಿದ ಮಹಾನುಭಾವರು ಮನೆಯಲ್ಲಿ ಫ್ಯಾನಿನ ವೇಗದ ಬಗ್ಗೆ ಬಾಯಿಬಿಟ್ಟರೂ ಕಿವಿಗೆ ಹಾಕಿಕೊಳ್ಳುವವರಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಶ್ರೀಮತಿಯವರೇ ಬಂದು, "ರೀ, ನಮ್ಮ ಮಹಿಳಾ ಸಂಘಕ್ಕೆ ನಿಮ್ಮಿಂದ ಒಂದು ಸಹಾಯ ಆಗ್ಬೇಕಲ್ಲ" ಎಂದಾಗ ಅವರು ಕನ್ನಡಕ ಒರೆಸಿಕೊಂಡು ನೆಟ್ಟಗೆ ಕುಳಿತರು.

ಸಂಘ ಕಷ್ಟದಲ್ಲಿತ್ತು. ಹೋದ ಸಲದ ಕೂಟದಲ್ಲಿ ಯಾರೋ ಕ್ರೋಶಾ ಹೆಣಿಗೆಯ ಗುಲಾಬಿ ಹೇಳಿಕೊಡಲು ಹೋಗಿ, ದಳಕ್ಕೊಬ್ಬರಂತೆ ಸದಸ್ಯೆಯರು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇವೆಂದು ಎದ್ದು ಹೋಗಿದ್ದರು. (ಆ ಹಾಲು ಇನ್ನೂ ಉಕ್ಕಿಲ್ಲವೆಂದು ಕಾಣುತ್ತದೆ, ಬಹುಪಾಲು ಜನ ಹಿಂತಿರುಗಿಲ್ಲ.) ಈ ಸಲದ ಕೈಕೆಲಸವೂ ಕಷ್ಟವಾದರೆ ಸಂಘಕ್ಕೆ ಬೀಗ ಹಾಕುವುದೊಂದೇ ದಾರಿ.

"ನಾನು ಹೇಳಿಕೊಟ್ಟ ಹಾಗೆ ನೀವು ಮಾಡಿ ನೋಡಿ. ನಿಮಗೆ ಸರಿಹೋದ್ರೆ ಅದನ್ನೇ ಇಟ್ಕೋತೀನಿ."

"ತಾಂತ್ರಿಕ ಪರಿಶೀಲನೆ ಅನ್ನು," ಎಂದರು ಸಾಹೇಬರು.

"ಏನೋ ಒಂದು."

ಮೊದಲು ಕಾಗದದ ಹೂವು. ಸಾಹೇಬರ ಹೂವು ಜೇಬಲ್ಲೇ ಉಳಿದು ಒಗೆತಕ್ಕೆ ಹೋದ ಬಸ್ ಟಿಕೆಟ್ಟಿನಂತಿತ್ತು. ಶ್ರೀಮತಿಯವರು ಅದನ್ನು ತಿರುಗಿಸಿ ನೋಡಿ, "ಇದು ಬೇಡ" ಎಂದರು. ಆಮೇಲೆ ಬಾಟಲಿಗೆ ಗೋಂದು ಹಚ್ಚಿ ಹುರಿ ಸುತ್ತುವ ಕೆಲಸ. ಹುರಿ ಬಿಟ್ಟು ಉಳಿದದ್ದೆಲ್ಲ ಅಂಟಿತು. ಅಂದು ಅವರು ಬಲಗೈಯಲ್ಲಿ ಬಾಟಲಿ ಹೊತ್ತು ಎಡಗೈಯಲ್ಲೇ ಪೇಪರ್ ಮಗುಚಿದರು. "ಇದೂ ಬೇಡ." ತಮ್ಮ ಅಭಿಪ್ರಾಯಕ್ಕೆ ಇಷ್ಟು ಬೆಲೆಯೇ ಎಂದು ಸಾಹೇಬರ ಮನಸ್ಸು ತುಂಬಿ ಬಂತು.

ಮೂರನೆಯದು ಹಳೆಯ ಟೀ ಶರ್ಟಿನ ಕೈಚೀಲ. ತೋಳು, ಕುತ್ತಿಗೆ ಕತ್ತರಿಸಿ, ಕೆಳಗಿನ ಅಂಚನ್ನು ಪಟ್ಟಿಪಟ್ಟಿಯಾಗಿ ಸೀಳಿ, ಮುಂಭಾಗದ ಪಟ್ಟಿಗೆ ಹಿಂಭಾಗದ ಪಟ್ಟಿ ಗಂಟು ಹಾಕಿದರೆ ಮುಗಿಯಿತು. ಸೂಜಿಯೇ ಬೇಡ. ಸಾಹೇಬರು ಸೀಳುತ್ತಾ ಸೀಳುತ್ತಾ ಎದೆಮಟ್ಟಕ್ಕೆ ಹೋಗಿ ಬಾಗಿಲಿನ ಪರದೆ ತಯಾರಿಸಿದರು. ಶ್ರೀಮತಿಯವರು ಗದರಲಿಲ್ಲ, ಇನ್ನೊಂದು ಶರ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಈ ಸಲ ಅಕ್ಕಪಕ್ಕದ ಪಟ್ಟಿಗಳನ್ನೇ ಗಂಟು ಹಾಕಿ ಚೀಲಕ್ಕೆ ತಳವೇ ಇಲ್ಲದಂತಾಯಿತು. "ಹಾಗಾದ್ರೆ ಒಂದು ಜೊತೆ ಸೀಳಿ, ಗಂಟು ಹಾಕಿ, ಆಮೇಲೆ ಮುಂದಿನ ಜೊತೆ" ಎಂದು ಆಕೆ ಕ್ರಮವನ್ನೇ ಬದಲಿಸಿದರು. ಸಾಹೇಬರಿಗೆ ನಿಜವಾಗಿಯೂ ಹೆಮ್ಮೆಯಾಯಿತು.

"ನೀನು ಇಲಾಖೇಲಿ ಇದ್ದಿದ್ರೆ ನನ್ನ ಮೇಲಧಿಕಾರಿ ಆಗ್ತಿದ್ದೆ ಕಣೇ."

"ಈಗೇನು ಕಡಿಮೆಯಾಗಿದೆ?"

ಮೂರನೇ ಚೀಲ ನಿಂತಿತು, ಒಂದು ಭುಜ ಸ್ವಲ್ಪ ಮೇಲೆ ಮಾಡಿಕೊಂಡು.

ಕೂಟದ ದಿನ ಸಾಹೇಬರು ಇಸ್ತ್ರಿ ಅಂಗಿ ತೊಟ್ಟು, ನಾಲ್ಕು ಮಾತು ಸಿದ್ಧಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತರು. ಶ್ರೀಮತಿಯವರು ಚೀಲವನ್ನು ಎತ್ತಿ ಹಿಡಿದು, "ಇದು ನಮ್ಮನೆಯವರು ಮಾಡಿದ್ದು" ಎಂದರು. ಸಾಹೇಬರು ಅರ್ಧ ಎದ್ದರು.

"ಇವರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಎಲ್ಲೆಲ್ಲಿ ಎಡವಬಹುದೋ ಅಲ್ಲೆಲ್ಲ ಎಡವಿ ನಮಗೆ ದಾರಿ ತೋರಿಸಿದ್ದಾರೆ. ಇವರ ಕೈಲಾಗಿದೆ ಅಂದ್ಮೇಲೆ ನಿಮ್ಮ ಕೈಲಿ ಆಗದೇ ಇರುತ್ತಾ?"

ಸಭಾಂಗಣವೇ ಹಗುರಾಗಿ ನಕ್ಕಿತು. ಸಾಹೇಬರು ಕುರ್ಚಿ ಸರಿಮಾಡುವವರಂತೆ ನಟಿಸಿ ಕುಳಿತುಬಿಟ್ಟರು. ಆದರೆ ಒಬ್ಬರೂ ಎದ್ದು ಹೋಗಲಿಲ್ಲ, ಕೂಟ ಮುಗಿಯುವ ಹೊತ್ತಿಗೆ ಎಲ್ಲರ ಭುಜದಲ್ಲೂ ಒಂದೊಂದು ಚೀಲ. ನಡುವೆ ಕತ್ತರಿ ಹಿಡಿದು ನಿಂತ ಹೆಂಡತಿಯನ್ನು ನೋಡಿ ಅವರ ಮುನಿಸು ಅಲ್ಲೇ ಕರಗಿತು.

ಅಷ್ಟರಲ್ಲಿ ಪಕ್ಕದ ಬಡಾವಣೆಯ ಸಂಘದ ಅಧ್ಯಕ್ಷೆ ಶ್ರೀಮತಿಯವರ ಬಳಿ ಬಂದರು. "ನಮ್ಮ ಕೂಟಾನೂ ಹತ್ರ ಬಂತು. ನಿಮ್ಮ ಯಜಮಾನ್ರನ್ನ ಒಂದೆರಡು ದಿನ ಕಳಿಸ್ಕೊಡ್ತೀರಾ? ನಮ್ಮನೆಯವರು ಸ್ವಲ್ಪ ಚುರುಕು, ಈ ಕೆಲಸಕ್ಕೆ ಆಗಲ್ಲ."

ಶ್ರೀಮತಿಯವರು ಉತ್ತರಿಸುವ ಮೊದಲೇ ಸಾಹೇಬರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು.

"ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ?"