ಒಬ್ಬಳ ಅಡುಗೆಯ ಸುಖ

ಪಕ್ಕದ ಮನೆಯವರ ಒಡವೆ, ಸೀರೆ ನೋಡಿ ಹೊಟ್ಟೆ ಉರಿದುಕೊಂಡರೆ ಜನಕ್ಕೆ ಅರ್ಥವಾಗುತ್ತದೆ. ನನ್ನ ಹೊಟ್ಟೆ ಉರಿದದ್ದು ಒಂದು ಪುಟ್ಟ ಕುಕ್ಕರ್ ನೋಡಿ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಾಲೂರಿನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ಸುಮಿತ್ರಾ ಒಂಟಿ ಹುಡುಗಿ, ಲಕ್ಕೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಸಂಜೆ ಬಂದವಳೇ ಒಂದು ಹಿಡಿ ಅಕ್ಕಿ, ಚೂರು ಬೇಳೆ, ಒಂದು ಟೊಮೆಟೊ, ಮಿಕ್ಕಿದ ಸೊಪ್ಪು ಎಲ್ಲ ಕುಕ್ಕರಿಗೆ ತುಂಬಿ ಕೂಗಿಸಿ, ತಟ್ಟೆ ಹಿಡಿದು ತಾರಸಿಯಲ್ಲಿ ಕೂತುಬಿಡುತ್ತಾಳೆ. ಕೆಳಗೆ ನಾನು ಬೆವರು ಸುರಿಸುತ್ತಾ ಮುದ್ದೆ ತಿರುವುತ್ತಿರುತ್ತೇನೆ. ಮಾವನವರಿಗೆ ಮೆತ್ತಗಿರಬೇಕು, ಗಂಡನಿಗೆ ಗಟ್ಟಿ, ಮಕ್ಕಳಿಗೆ ಮುದ್ದೆಯೇ ಬೇಡ. ಅತ್ತೆಗೆ ಬದನೆಕಾಯಿ ಕಂಡರೆ ನವೆ. ಅಗ್ಗದ ತರಕಾರಿ ತಂದ ದಿನವೇ ಎಲ್ಲರಿಗೂ ಒಂದೊಂದು ಕಾಯಿಲೆ.

ಹೋದ ಬೇಸಿಗೆಯಲ್ಲಿ ಯಲ್ದೂರಿನ ನಮ್ಮ ನಾದಿನಿ ತೋಪಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಮಾವಿನ ಕೊಯ್ಲಿನ ಸಮಯ, ಮನೆ ತುಂಬ ಜನ. ಮಕ್ಕಳಿಗೂ ರಜ. ಸರಿ, ಇಡೀ ಸಂಸಾರ ಸಹಾಯಕ್ಕೆಂದು ಹೊರಟಿತು. ನನಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದೆ. ನಾನು ಕೇಳಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಮೊದಲ ಸಂಜೆ ಒಬ್ಬಳಿಗೆ ಅಂತ ಸಾರಿಟ್ಟೆ. ಸುಮಿತ್ರಾ ಬಂದು ಪಾತ್ರೆಯಲ್ಲಿ ಇಣುಕಿ ನಕ್ಕಳು. “ಅಕ್ಕಾ, ಇದು ನಮ್ಮ ಶಿಫ್ಟಿನವರಿಗೆಲ್ಲ ಸಾಕಾಗುತ್ತೆ!” ಆ ಸಾರನ್ನು ಮಾರನೆಯ ದಿನವೂ ಕಾಯಿಸಿ ಕಾಯಿಸಿ ತಿಂದೆ. ಮೂರನೆಯ ಸಂಜೆ ಅವಳೇ ಪಕ್ಕದಲ್ಲಿ ನಿಂತು ಅಳತೆ ತೋರಿಸಿದಳು. ತಟ್ಟೆಯ ಹಂಗೂ ಇಲ್ಲದೆ, ಕುಕ್ಕರಿಗೇ ಚಮಚ ಹಾಕಿ, ಕಾಲು ಚಾಚಿ ಕೂತು ತಿಂದೆ. ತೊಳೆಯಲು ಒಂದೇ ಪಾತ್ರೆ. ಸ್ವರ್ಗ ಇದಕ್ಕಿಂತ ದೊಡ್ಡದಿರಲಾರದು.

ಆಗ ಅತ್ತೆಯ ಫೋನು ಬಂತು. ‘ನೀನಿಲ್ಲದೆ ಊಟವೇ ಸೇರ್ತಿಲ್ಲ ಕಣಮ್ಮ’ ಅನ್ನುತ್ತಾರೆಂದು ಕಾದೆ.

“ಇಲ್ಲಿ ಅಡುಗೆಯೆಲ್ಲ ನಿನ್ ಗಂಡಂದೇ ಕಣೇ! ಇವತ್ತು ಬಸ್ಸಾರು ಮಾಡಿದ್ದ. ನಿಮ್ ಮಾವ ತುಟಿಪಿಟಿಕ್ಕನ್ನದೆ ಎರಡು ಮುದ್ದೆ ತಿಂದ್ರು. ಕಾಯಿ ಕೀಳೋಕೆ ಬಂದ ತೆಲುಗಿನವ್ರು ‘ಚಾಲ ಬಾಗುಂದಿ’ ಅಂತ ಮತ್ತೆ ಮತ್ತೆ ಹಾಕಿಸ್ಕೊಂಡ್ರು.”

ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಇಂದಿಗೂ ಗೊತ್ತಿಲ್ಲದ ಮನುಷ್ಯ! ಚಮಚ ಬಿಟ್ಟು ಕುಕ್ಕರಿನ ಮುಚ್ಚಳ ಹಾಕಿದೆ. ಸುಮಿತ್ರಾಳ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಉಸಿರಿಗೆ ಯಲ್ದೂರಿಗೆ ವರ್ಗವಾಯಿತು. ಬೆಳಿಗ್ಗೆ ರಜೆ ಕೇಳಿದೆ, ಸಿಕ್ಕಿತು. ಕೋಲಾರದಲ್ಲಿ ಬಸ್ಸು ಬದಲಿಸಿ, ಊಟದ ಹೊತ್ತಿಗೆ ನಾದಿನಿಯ ಮನೆಯಲ್ಲಿದ್ದೆ.

ನಮ್ಮ ಯಜಮಾನರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಡಿಸುತ್ತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೆ ಹೋದವಳನ್ನು ಅವರೇ ಕೂರಿಸಿ, ಮುದ್ದೆ ಇಟ್ಟು ಸಾರು ಬಿಟ್ಟರು. “ಸಾರು ಹೆಂಗಿದೆ?” ಎಲ್ಲರ ಕಣ್ಣೂ ನನ್ನ ಮೇಲೆ.

“ಉಪ್ಪು ಒಂಚೂರು ಮುಂದಾಯ್ತು” ಎಂದೆ. “ಹಂಗಾದ್ರೆ ರಾತ್ರಿಯಿಂದ ನೀನೇ ನೋಡ್ಕೊ” ಎಂದು ಅವರು ತಕ್ಷಣ ಸೌಟು ನನ್ನ ಕೈಗಿತ್ತು, ಟವೆಲ್ಲು ಕೊಡವಿ, ಮಾವಿನ ಮರದ ನೆರಳಿಗೆ ಮಲಗಲು ಹೋದರು.

ಉಪ್ಪು ಸರಿಯಾಗಿಯೇ ಇತ್ತು. ಅವರು ಅತ್ತ ಹೋದ ಮೇಲೆ ಇನ್ನೊಂದು ಮುದ್ದೆ ಹಾಕಿಕೊಂಡೆ.