ದೊಡ್ಡಪ್ಪನ ಉಪ್ಪುನೀರು, ಹುಳಿನೀರು

ಮಧುಗಿರಿಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಬಿಸಿ ಕಾಫಿ ಕುಡಿದೆ ಅಂತ ಯಾರಾದರೂ ಹೇಳಿದರೆ ಖಂಡಿತ ನಂಬಬೇಡಿ! ಲೋಟ ನಿಮ್ಮ ಕೈಗೆ ಬರುವ ಮೊದಲೇ ಅದರೊಳಗೆ ಥರ್ಮಾಮೀಟರ್ ಇಳಿದಿರುತ್ತದೆ. ಅವರು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ನಿಜ. ಆದರೆ ಈ ಹುಚ್ಚು ಹತ್ತಿದ್ದು ಹೋದ ವರ್ಷ. ಸಕ್ಕರೆ ಕಾಯಿಲೆಯಿಂದ ದೊಡ್ಡಮ್ಮನ ಪಾದಗಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಆದರೂ ಸಂಜೆ ಬಿಸಿ ಉಪ್ಪುನೀರಿನಲ್ಲಿ ಕಾಲಿಡುವ ತವರಿನ ಅಭ್ಯಾಸ ಬಿಡಲೊಲ್ಲರು. ಒಂದು ದಿನ ಹಾಗೇ ಕಾಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬೊಬ್ಬೆ ಕಣ್ಣಿಗೆ ಬಿದ್ದಾಗಲೇ ಸುಟ್ಟಿದ್ದು ಗೊತ್ತಾಗಿದ್ದು!

"ದಿನಾ ಕಾಯಿಸ್ದಷ್ಟೇ ಹೊತ್ತು ಕಾಯಿಸಿದ್ದೆ ಕಣ್ರೀ" ಎಂದರು ದೊಡ್ಡಮ್ಮ.

"ಅಂಗಾದ್ರೆ ಉಪ್ಪು ಜಾಸ್ತಿ ಬಿದ್ದೈತೆ. ಉಪ್ಪುನೀರು ಬೇಗ ಕಾಯ್ತದೆ" ಎಂದರು ದೊಡ್ಡಪ್ಪ.

ಎಷ್ಟು ಬೇಗ? ಅಷ್ಟೇ, ಶುರುವಾಯಿತು! ಫ್ಲಾಸ್ಕಿನಲ್ಲಿ ಬಿಸಿನೀರು, ಅದರೊಳಗೆ ಶಾಖ ಕೊಡುವ ಪುಟ್ಟ ಕರೆಂಟ್ ಕಾಯಿಲ್, ಎದುರಿಗೆ ಗಡಿಯಾರ. ಒಂದು ದಿನ ತೂಕ ಮಾಡಿದ ಉಪ್ಪು, ಮರುದಿನ ನಿಂಬೆ ಉಪ್ಪು, ಆಮೇಲೆ ಹುಣಸೆಹುಳಿ. ಒಂದೊಂದು ಡಿಗ್ರಿ ಏರಲು ಯಾವುದಕ್ಕೆ ಎಷ್ಟು ಶಾಖ ಬೇಕು ಎಂಬ ಲೆಕ್ಕ.

"ಉಪ್ಪು ಸರಿ, ಹುಳಿ ಯಾಕೆ ದೊಡ್ಡಪ್ಪ?"

"ನಿಮ್ಮ ದೊಡ್ಡಮ್ಮ ಯಾವತ್ತು ಏನು ಸುರೀತಾಳೋ ಯಾರಿಗ್ಗೊತ್ತು ಕಣ್ಲಾ!"

ಸಿರಾದಲ್ಲಿ ಒಂದು ಮದುವೆಗೆ ಹೋದವರು ಸಾರಿನ ಕೊಳಗಕ್ಕೇ ಥರ್ಮಾಮೀಟರ್ ಇಳಿಬಿಟ್ಟರು. ಅಡುಗೆಯವನು ಗಾಬರಿಯಾಗಿ, "ಏನ್ ಸ್ವಾಮಿ, ಸಾರಿಗೆ ಜ್ವರ ಬಂದೈತಾ?" ಎಂದ.

ಇನ್ನೊಮ್ಮೆ ದೊಡ್ಡಮ್ಮನ ಸಾರನ್ನು ಎರಡೆರಡು ಸಲ ಬಡಿಸಿಕೊಂಡು, "ಇವತ್ತು ಭಾಳ ಚೆನ್ನಾಗೈತೆ ಕಣೇ" ಎಂದು ಹೊಗಳಿದರು. "ಇರ್ದೆ ಏನು? ಕಿಟಕೀಲಿ ನೀವು ಅಳ್ದಿಟ್ಟಿದ್ದ ಹುಳಿನೀರೇ ಹಾಕಿದ್ದು!" ಎಂದರು ದೊಡ್ಡಮ್ಮ. ಒಂದು ವಾರದ ಪ್ರಯೋಗವನ್ನು ದೊಡ್ಡಪ್ಪ ಅನ್ನಕ್ಕೆ ಕಲಸಿಕೊಂಡು ಉಂಡಿದ್ದರು!

ನಾನು ನಗುತ್ತಲೇ ಅವರ ನೋಟ್‌ಬುಕ್ ತೆರೆದೆ. ಅಬ್ಬಾ! ಒಂದೇ ಉಪ್ಪುನೀರನ್ನು ನಲವತ್ತು ಸಲ ಅಳೆದಿದ್ದಾರೆ. ಕಾಲು ಡಿಗ್ರಿ ವ್ಯತ್ಯಾಸ ಬಂತೆಂದು ಇಡೀ ಪುಟ ಹೊಡೆದುಹಾಕಿ ಮತ್ತೆ ಬರೆದಿದ್ದಾರೆ. ಮನಸ್ಸಿನಲ್ಲೇ ಕೈಮುಗಿದೆ.

ಆ ಸಂಜೆ ದೊಡ್ಡಪ್ಪ ಟಬ್ಬಿನ ಉಪ್ಪುನೀರಿಗೆ ಥರ್ಮಾಮೀಟರ್ ಇಟ್ಟು ನೋಡಿದರು. ಸರಿಯಾಗಿತ್ತು. ದೊಡ್ಡಮ್ಮ ನೀರಿಗಿಡಲು ಕಾಲೆತ್ತಿದರು.

"ತಡಿಯೇ" ಎಂದವರೇ ಪಂಚೆ ಎತ್ತಿಕೊಂಡು ತಮ್ಮ ಕಾಲನ್ನೇ ಮೊದಲು ಇಳಿಸಿದರು. ಒಂದು ನಿಮಿಷ ಹಾಗೇ ಕೂತರು.

"ಇಷ್ಟೆಲ್ಲ ಅಳ್ದೂ ಅಳ್ದೂ ಥರ್ಮಾಮೀಟರ್ ಮೇಲೆ ನಂಬಿಕೆ ಇಲ್ವಾ ದೊಡ್ಡಪ್ಪ?"

"ನಂಬಿಕೆ ಐತೆ ಕಣ್ಲಾ" ಎಂದರು ತಲೆ ಎತ್ತದೆ. "ಧೈರ್ಯ ಇಲ್ಲ."

ಅವರು ಕಾಲು ತೆಗೆಯಲು ಹೋದರೆ ದೊಡ್ಡಮ್ಮ, "ಇರ್ಲಿ ಬುಡಿ" ಎಂದು ತಮ್ಮ ಪಾದಗಳನ್ನೂ ಪಕ್ಕದಲ್ಲೇ ಇಳಿಸಿದರು.